ಟೈಮ್‌ಶೇರ್ ಎಷ್ಟು ತಗೊಳ್ಳಬೇಕು? ಎರಡು ವರ್ಷಕ್ಕೊಂದು ವಾರ, ವರ್ಷಕ್ಕೊಂದು ವಾರ, ಎರಡು ವಾರ, ಪಾಯಿಂಟ್

ಟೈಮ್‌ಶೇರ್ ಅಂದರೆ ರೆಸಾರ್ಟ್‌ನ ಒಂದು ಮನೆಯನ್ನು ಬಹಳ ಜನ ಹಂಚಿಕೊಂಡು, ಒಬ್ಬೊಬ್ಬರೂ ಅಲ್ಲಿ ಇಂತಿಷ್ಟು ದಿನ ಉಳಿಯುವ ಹಕ್ಕನ್ನು ಕೊಂಡುಕೊಳ್ಳುವುದು. ಅದು ಬೇಕಾ ಬೇಡವಾ ಅಂತ ಎಲ್ಲರೂ ವಾದ ಮಾಡುತ್ತಾರೆ. ತಗೊಳ್ಳುವುದಾದರೆ ಎಷ್ಟು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು, ಕೆಲವು ಸಲ ಅತ್ತೆ ಮಾವನೂ ಜೊತೆಗೆ ಬರುತ್ತಾರೆ. ಮೊದಲು ಬೇರೆ ಮಾಲೀಕರ ವಾರವನ್ನು ಬಾಡಿಗೆಗೆ ತಗೊಂಡು ಹೋಗಿ ನೋಡಿದೆವು. ಆಮೇಲೆ ಎರಡು ವರ್ಷಕ್ಕೊಂದು ವಾರ ತಗೊಂಡೆವು, ಅದನ್ನು ಮಾರಿ ಪಾಯಿಂಟ್‌ಗೆ ಬಂದೆವು. ನಡುವೆ ಅಕ್ಕನ ಮನೆಯವರ ವಾರಗಳಲ್ಲೂ ಪಾಲು ಹಾಕಿ ಉಳಿದುಕೊಂಡಿದ್ದೇವೆ. ಹಾಗಾಗಿ ನಾಲ್ಕೂ ಬಗೆ ಹೇಗಿರುತ್ತವೆ ಅಂತ ಅನುಭವದಿಂದಲೇ ಹೇಳುತ್ತೇನೆ.

ಎರಡು ವರ್ಷಕ್ಕೊಂದು ವಾರ ಅಂದರೆ ಸಮ ಸಂಖ್ಯೆಯ ವರ್ಷ ಅಥವಾ ಬೆಸ ಸಂಖ್ಯೆಯ ವರ್ಷ ಅಂತ ಒಂದನ್ನು ಬರೆದುಕೊಡುತ್ತಾರೆ. ವರ್ಷಕ್ಕೊಂದು ವಾರ ಇರುವವರಿಗೆ ಹೋಲಿಸಿದರೆ ಮೇಂಟೆನೆನ್ಸ್, ಅಂದರೆ ಮನೆಯ ನಿರ್ವಹಣೆಗೆ ಮಾಲೀಕರು ಕಟ್ಟುವ ಶುಲ್ಕ, ಹೆಚ್ಚುಕಡಿಮೆ ಅರ್ಧ. ಮಕ್ಕಳು ಶಾಲೆಗೆ ಸೇರುವ ಮೊದಲು ನಮಗೆ ಇದು ತುಂಬಾ ಹೊಂದಿಕೊಂಡಿತು. ನಡುವಿನ ವರ್ಷ ಊರಿನವರನ್ನು ನೋಡೋಕೆ, ಮದುವೆ ಮುಂಜಿಗೆ ಅಂತ ರಜೆ ಹೋಗೇ ಹೋಗುತ್ತದೆ ಅಲ್ವಾ. ಕಷ್ಟ ಇರುವುದು ಒಂದೇ ಕಡೆ. ಸರದಿಯ ವರ್ಷ ಹೋಗೋಕೆ ಆಗದಿದ್ದರೆ ಮುಂದಿನ ಸರದಿಗೆ ಮತ್ತೆ ಎರಡು ವರ್ಷ ಕಾಯಬೇಕು, ಅಂದರೆ ಹಿಂದಿನ ಪ್ರವಾಸದಿಂದ ನಾಲ್ಕು ವರ್ಷ. ಅಷ್ಟರಲ್ಲಿ ಮಕ್ಕಳೇ ಬೇರೆ ಆಗಿರುತ್ತಾರೆ. ಇದನ್ನು ತಪ್ಪಿಸಬೇಕೆಂದರೆ ವಾರವನ್ನು ವಿನಿಮಯ ಕಂಪನಿಗೆ ಮೊದಲೇ ಒಪ್ಪಿಸಿಡಬೇಕು. 1974ರಲ್ಲಿ ಶುರುವಾದ ಆರ್‌ಸಿಐ, 1976ರ ಇಂಟರ್‌ವಲ್ ಇಂಟರ್‌ನ್ಯಾಷನಲ್ ಮಾಡುವ ಕೆಲಸ ಇದೇ. ನಿಮ್ಮ ವಾರ ಅವರಿಗೆ, ಬೇರೆಯವರ ವಾರ ನಿಮಗೆ. ಎಷ್ಟು ಬೇಗ ಒಪ್ಪಿಸುತ್ತೀರೋ ಅಷ್ಟು ಒಳ್ಳೆಯದು ಸಿಗುತ್ತದೆ. ಹೊರಡುವ ದಿನ ಹತ್ತಿರ ಬಂದಾಗ ಕೊಟ್ಟರೆ ಬೆಲೆ ಇಳಿದುಹೋಗಿರುತ್ತದೆ.

ವರ್ಷಕ್ಕೊಂದು ವಾರದಲ್ಲಿ ಎರಡು ಬಗೆ. ಕ್ಯಾಲೆಂಡರ್‌ನ ವಾರಗಳಿಗೆ 1ರಿಂದ 52ರವರೆಗೆ ನಂಬರ್ ಕೊಟ್ಟು ಒಂದನ್ನು ಖಾಯಂ ಮಾಡಿಕೊಡುವುದು ಒಂದು. ಸೀಸನ್ ಒಳಗೆ ಯಾವ ವಾರವಾದರೂ ಬುಕ್ ಮಾಡಿಕೊಳ್ಳಿ ಅನ್ನುವುದು ಇನ್ನೊಂದು. ಶಾಲೆಯ ಮಕ್ಕಳಿರುವ ಮನೆಗೆ ಖಾಯಂ ವಾರ ನೋಡೋಕೆ ಚೆನ್ನಾಗಿ ಕಾಣುತ್ತದೆ. ಆದರೆ ವಾರದ ನಂಬರ್ ಅದೇ ಇದ್ದರೂ ತಾರೀಕು ವರ್ಷದಿಂದ ವರ್ಷಕ್ಕೆ ಒಂದೆರಡು ದಿನ ಸರಿಯುತ್ತದೆ, ಕೆಲವು ವರ್ಷಗಳಲ್ಲಿ 53ನೇ ವಾರವೂ ಬರುತ್ತದೆ, ಶಾಲೆಯವರೂ ರಜೆಯನ್ನು ಹಿಂದೆ ಮುಂದೆ ಮಾಡುತ್ತಾರೆ. ರಜೆಯ ಅಂಚಿಗೆ ಅಂಟಿಕೊಂಡ ವಾರವನ್ನು ಕೊಳ್ಳಲೇಬೇಡಿ. ರಜೆಯ ನಟ್ಟ ನಡುವಿನದನ್ನು ನೋಡಿ. ಎರಡನೇ ಬಗೆಯಲ್ಲಿ ಬುಕಿಂಗ್ ತೆರೆದ ದಿನವೇ ಕೂತು ಹಿಡಿಯಬೇಕು. ರಜೆಯ ವಾರಕ್ಕೆ ಎಲ್ಲ ಮನೆಯವರೂ ಕಾಯುತ್ತಿರುತ್ತಾರೆ.

ಅಕ್ಕನ ಮನೆಯವರದು ಎರಡು ವಾರ. ಒಂದೇ ವರ್ಷದಲ್ಲಿ ಎರಡು ಸಲ ಪೂರ್ತಿ ಏಳೇಳು ದಿನ ರಜೆ ಹೊಂದಿಸುವುದು ದುಡಿಯುವವರಿಗೆ ಎಷ್ಟು ಕಷ್ಟ ಅಂತ ಅವರನ್ನು ನೋಡಿ ಗೊತ್ತಾಯಿತು. ಎರಡನೇ ವಾರ ನಮಗೆ ಸಿಗುತ್ತಿದ್ದುದೇ ಅದಕ್ಕೆ! ಆದರೆ ಅವರ ಒಂದು ವಾರದ ಮನೆ ಎರಡು ಬೆಡ್‌ರೂಮಿನದು, ನಡುವೆ ಬೀಗ ಹಾಕಿ ಎರಡು ಭಾಗ ಮಾಡಬಹುದಾದದ್ದು. ಒಂದು ಕಡೆ ಅಡುಗೆಮನೆ ಇರುವ ಒಂದು ಬೆಡ್‌ರೂಮಿನ ಮನೆ, ಇನ್ನೊಂದು ಕಡೆ ಬೇರೆ ಬಾಗಿಲಿನ ಸ್ಟುಡಿಯೋ. ಎಲ್ಲರೂ ಹೋದಾಗ ಪೂರ್ತಿ ತೆರೆಯಿರಿ. ಬೇಡವಾದಾಗ ದೊಡ್ಡ ಭಾಗದಲ್ಲಿ ನೀವು ಉಳಿದು, ಸ್ಟುಡಿಯೋವನ್ನು ವಿನಿಮಯಕ್ಕೆ ಕೊಟ್ಟು ಇನ್ನೊಂದು ವಾರ ಪಡೆಯಿರಿ. ಭಾಗ ಮಾಡಿದ್ದಕ್ಕೆ, ವಿನಿಮಯಕ್ಕೆ ಬೇರೆ ಶುಲ್ಕ ಇರಬಹುದು, ಕೇಳಿಕೊಳ್ಳಿ. ಹೀಗೆ ಒಂದೇ ವಾರದ ಮಾಲೀಕತ್ವದಲ್ಲಿ ಎರಡು ವಾರದ ಕೆಲಸ ಆಗುತ್ತದೆ. ಎರಡು ಸಣ್ಣ ವಾರಕ್ಕಿಂತ ಇಂಥ ಒಂದು ದೊಡ್ಡ ವಾರವೇ ಸಂಸಾರಕ್ಕೆ ಮೇಲು ಅಂತ ನನ್ನ ಗಟ್ಟಿ ಅಭಿಪ್ರಾಯ. "ನಾಲ್ಕು ಜನಕ್ಕೆ ಜಾಗ ಇದೆ" ಅನ್ನುವ ಮಾತನ್ನೂ ಹಾಗೇ ನಂಬಬೇಡಿ. ಹಾಲ್‌ನ ಸೋಫಾ ಬಿಚ್ಚಿ ಮಾಡುವ ಹಾಸಿಗೆಯನ್ನೂ ಅದರಲ್ಲೇ ಲೆಕ್ಕ ಹಿಡಿದಿರುತ್ತಾರೆ. ಚಿಕ್ಕ ಮಕ್ಕಳು ಅಲ್ಲಿ ಖುಷಿಯಾಗಿ ಮಲಗುತ್ತಾರೆ. ಹದಿನಾಲ್ಕು ವರ್ಷದ ಹುಡುಗಿಗೆ ಬಾಗಿಲು ಇರುವ ಕೋಣೆ ಬೇಕು.

ಈಗ ಪಾಯಿಂಟ್. ನಮ್ಮ ಹತ್ತಿರ ಈಗ ಇರುವುದು ಇದೇ. ಡಿಸ್ನಿಯವರು 1991ರಲ್ಲಿ ಶುರು ಮಾಡಿದ ಕ್ಲಬ್ ಪಾಯಿಂಟ್ ಮೇಲೆ ನಡೆಯುವುದಕ್ಕೆ ಒಳ್ಳೆಯ ಉದಾಹರಣೆ. ವರ್ಷಕ್ಕೆ ಇಂತಿಷ್ಟು ಪಾಯಿಂಟ್ ನಿಮ್ಮ ಖಾತೆಗೆ ಬರುತ್ತದೆ, ಯಾವ ಸೀಸನ್, ಯಾವ ಅಳತೆಯ ಮನೆ, ಎಷ್ಟು ರಾತ್ರಿ ಅನ್ನುವುದರ ಮೇಲೆ ಖರ್ಚಾಗುತ್ತದೆ. ಏಳು ದಿನವೇ ಇರಬೇಕೆಂದಿಲ್ಲ. ಮೂರು ರಾತ್ರಿಯೂ ಆಗುತ್ತದೆ, ಇದು ನಮ್ಮಂಥವರಿಗೆ ದೊಡ್ಡ ಅನುಕೂಲ. ಬಹಳ ಕಡೆ ಈ ವರ್ಷದ್ದನ್ನು ಮುಂದಕ್ಕೆ ಉಳಿಸಬಹುದು, ಮುಂದಿನ ವರ್ಷದ್ದನ್ನು ಈಗಲೇ ಎಳೆದುಕೊಳ್ಳಲೂಬಹುದು. ಅಪಾಯ ಏನೆಂದರೆ ಪಾಯಿಂಟ್ ನೋಡಿದಾಗ ಎಷ್ಟು ಸಾಕು ಅಂತ ತಲೆಗೆ ಹೊಳೆಯುವುದೇ ಇಲ್ಲ. ವಾರ ಅಂದರೆ ಕಣ್ಣಿಗೆ ಕಾಣುತ್ತದೆ, ಪಾಯಿಂಟ್ ಬರೀ ಅಂಕಿ. ಮಾರುವವರು ತೋರಿಸುವ ಉದಾಹರಣೆ ಜನ ಬರದ ಸೀಸನ್ನಿನದಾಗಿದ್ದರೆ, ಶಾಲೆಯ ರಜೆಯಲ್ಲಿ ಅದೇ ಮನೆಗೆ ತುಂಬಾ ಜಾಸ್ತಿ ಪಾಯಿಂಟ್ ಕೇಳುತ್ತದೆ. ಅದಕ್ಕೇ ಮೊದಲು ಪಾಯಿಂಟ್ ಪಟ್ಟಿ ಕೇಳಿ ಇಸ್ಕೊಳ್ಳಿ. ನೀವು ಹೋಗಲು ಸಾಧ್ಯವಿರುವ ತಾರೀಕು, ನಿಮಗೆ ಸಾಲುವ ಮನೆ, ಅಷ್ಟನ್ನೇ ಹುಡುಕಿ ಕೂಡಿಸಿ.

ಕೂಡಿಸುವಾಗ ಯಾವ ವರ್ಷವನ್ನು ಹಿಡಿಯಬೇಕು ಅನ್ನುವುದೇ ಮುಖ್ಯ. ಮಾರುವವರು ನಿಮ್ಮ ಅತ್ಯಂತ ಒಳ್ಳೆಯ ವರ್ಷವನ್ನು ಕಲ್ಪಿಸಿ ತೋರಿಸುತ್ತಾರೆ. ಎಲ್ಲರಿಗೂ ರಜೆ, ಎಲ್ಲರಿಗೂ ಆರೋಗ್ಯ, ಎರಡು ಪ್ರವಾಸ. ನಾವು ತದ್ವಿರುದ್ಧ ಮಾಡಿದೆವು. ಯಾರಿಗೋ ಹುಷಾರಿಲ್ಲ, ಮಗನ ಪರೀಕ್ಷೆ, ಕೆಲಸದ ಒತ್ತಡ, ಹೀಗಿರುವ ಬಡ ವರ್ಷದಲ್ಲೂ ಖಂಡಿತ ಎಷ್ಟು ಬಳಸುತ್ತೇವೋ ಅಷ್ಟಕ್ಕೇ ಪಾಯಿಂಟ್ ತಗೊಂಡೆವು. ಒಳ್ಳೆಯ ವರ್ಷ ಬಂದರೆ ಉಳಿಸಿದ್ದು ಇರುತ್ತದೆ, ಸಾಲದಿದ್ದರೆ ಇನ್ನೊಬ್ಬ ಮಾಲೀಕರಿಂದ ಬಾಡಿಗೆಗೆ ತಗೊಳ್ಳಬಹುದು. ಹೋಗಲಿ ಬಿಡಲಿ, ಮೇಂಟೆನೆನ್ಸ್ ಮಾತ್ರ ಪ್ರತಿ ವರ್ಷ ಕಟ್ಟಲೇಬೇಕು, ಅದು ಸಾಮಾನ್ಯವಾಗಿ ಏರುತ್ತಲೇ ಹೋಗುತ್ತದೆ. ಕಟ್ಟಡಕ್ಕೆ ದೊಡ್ಡ ರಿಪೇರಿ ಬಂದರೆ ಅದರ ಪಾಲು ಬೇರೆ, ಅದೂ ನೀವು ಎಷ್ಟು ಇಟ್ಟುಕೊಂಡಿದ್ದೀರೋ ಅದಕ್ಕೆ ತಕ್ಕಂತೆ. ಜಾಸ್ತಿ ಬೇಕಾದರೆ ಆಮೇಲೆ ಸೇರಿಸಬಹುದು. ಕಡಿಮೆ ಮಾಡುವುದು ಕಷ್ಟ.

ಅವಧಿಯನ್ನೂ ನೋಡಿ. ಡಿಸ್ನಿ ಕ್ಲಬ್‌ನಲ್ಲಿ ಮೊದಮೊದಲು ಮಾರಿದ ಒಪ್ಪಂದಗಳು 2042ಕ್ಕೆ ಮುಗಿಯುವಂಥವು. ಬೇರೆ ಕೆಲವು ಕಡೆ ಕೊನೆಯೇ ಇಲ್ಲ, ನಿಮ್ಮ ನಂತರವೂ ನಡೆಯುತ್ತದೆ. ಮಕ್ಕಳು ಮನೆ ಬಿಟ್ಟ ಮೇಲೆ ಇಬ್ಬರೇ ಇರುವ ಸಂಸಾರಕ್ಕೆ ಎಷ್ಟು ಬೇಕು ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಾವು ತಗೊಂಡಿದ್ದು ಕಂಪನಿಯಿಂದಲ್ಲ, ಹಳೆಯ ಮಾಲೀಕರಿಂದ. ಬೆಲೆ ಬಹಳ ಕಡಿಮೆ. ಕಂಪನಿಯ ಕೆಲವು ಸವಲತ್ತು ಹೀಗೆ ಕೊಂಡವರಿಗೆ ಸಿಗದಿರಬಹುದು, ಅದನ್ನು ಬರೆಸಿ ಕೇಳಿ. ಹಿಂದಿನವರ ಮೇಂಟೆನೆನ್ಸ್ ಬಾಕಿ ಇದೆಯಾ ಅಂತಲೂ ನೋಡಿ. ಕಂಪನಿಯಿಂದಲೇ ತಗೊಂಡರೆ, ಸಹಿ ಹಾಕಿದ ಮೇಲೂ ಒಪ್ಪಂದ ಬಿಡಲು ಕಾನೂನು ಕೆಲವು ದೇಶಗಳಲ್ಲಿ ಗಡುವು ಕೊಡುತ್ತದೆ. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದಂತೆ 14 ದಿನ, ಅಮೆರಿಕದ ಫ್ಲೋರಿಡಾದಲ್ಲಿ 10 ದಿನ. ಆ ದಿನಗಳಲ್ಲಿ ಪಾಯಿಂಟ್ ಪಟ್ಟಿ ಮತ್ತು ಶಾಲೆಯ ಕ್ಯಾಲೆಂಡರ್ ಎರಡನ್ನೂ ಎದುರಿಗಿಟ್ಟುಕೊಂಡು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಸರಿಬರದಿದ್ದರೆ ಗಡುವಿನೊಳಗೆ ರದ್ದತಿ ಪತ್ರವನ್ನು ಬರಹದಲ್ಲೇ ಕಳಿಸಿ, ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.