ಗೋಡೆ ಒಡೆದು ಪಕ್ಕದ ಮನೆಗೆ ನುಗ್ಗಬಹುದು: 28 ಎಂಎಂ ಸಾಲುಮನೆ ಸೆಟ್

ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಆಡುವ ಮಿನಿಯೇಚರ್ ವಾರ್‌ಗೇಮ್‌ಗಳಲ್ಲಿ ಮನೆ ಅಂದರೆ ಹೆಚ್ಚಿನ ಸಲ ಬರೀ ಒಂದು ಡಬ್ಬ. ಸ್ಕ್ವಾಡ್ (ಸೈನಿಕರ ಸಣ್ಣ ತಂಡ) ಒಳಗಿದೆ ಅಂತ ಛಾವಣಿ ಮೇಲೆ ನಿಲ್ಲಿಸುತ್ತೇವೆ, ಗೋಡೆಯ ಮರೆಯಿಂದ ಸಿಗುವ ರಕ್ಷಣೆಯ (ಕವರ್) ಲೆಕ್ಕ ಹಾಕುತ್ತೇವೆ, ಮುಂದಿನ ಸರದಿ. ಬಯಲಿನ ಕಾಳಗಕ್ಕೆ ಅಷ್ಟು ಸಾಕು. ಊರೊಳಗಿನ ಕಾಳಗಕ್ಕೆ ಸಾಲದು. ಅಲ್ಲಿ ಹೊಡೆದಾಟ ನಡೆಯುವುದೇ ಯಾವ ಕೋಣೆ ಯಾರದು, ಮೆಟ್ಟಿಲು ಯಾರ ಕೈಯಲ್ಲಿದೆ ಅನ್ನುವುದಕ್ಕೆ. ಹಾಗಾಗಿ 28 ಎಂಎಂ (ಸೈನಿಕ ಗೊಂಬೆಯ ಸುಮಾರು ಎತ್ತರ) ಅಳತೆಯ ಈ ಲೇಸರ್ ಕಟ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸೆಟ್ ಕೈಗೆ ಬಂದಾಗ ಮೊದಲು ನೋಡಿದ್ದು, ಒಳಗೆ ಕೈ ಹೋಗುತ್ತಾ ಅಂತ.

ಹೋಗುತ್ತದೆ. ಮೂರು ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಲ್ಲುತ್ತವೆ. ಛಾವಣಿಯನ್ನೂ ಮೇಲಿನ ಮಹಡಿಯನ್ನೂ ಎತ್ತಿ ಪಕ್ಕಕ್ಕಿಡಬಹುದು. ನನಗೆ ತುಂಬಾ ಹಿಡಿಸಿದ್ದು ನಡುಗೋಡೆಗಳು. ಪ್ರತಿ ಗೋಡೆಯಲ್ಲೂ ಅಂಕುಡೊಂಕಾಗಿ ಕತ್ತರಿಸಿದ ಒಂದು ತುಂಡಿದೆ. ಬೆರಳಲ್ಲಿ ಒತ್ತಿದರೆ ಕಳಚಿಕೊಂಡು, ಒಬ್ಬ ಸೈನಿಕ ನುಸುಳುವಷ್ಟು ಕಿಂಡಿ ಆಗುತ್ತದೆ.

ಈ ಕಿಂಡಿ ಸುಮ್ನೆ ಅಲಂಕಾರಕ್ಕಲ್ಲ. 1943ರ ಡಿಸೆಂಬರ್‌ನಲ್ಲಿ ಇಟಲಿಯ ಓರ್ಟೋನಾ ಪಟ್ಟಣದಲ್ಲಿ ಕೆನಡಾದ ಸೈನಿಕರು ಜರ್ಮನ್ ಪ್ಯಾರಾಟ್ರೂಪರ್‌ಗಳ ವಿರುದ್ಧ ಹೀಗೇ ಕಾದಾಡಿದ್ದರು. ಬೀದಿಗೆ ಕಾಲಿಟ್ಟರೆ ಮೆಷಿನ್ ಗನ್. ಅದಕ್ಕೇ ಮೇಲಿನ ಮಹಡಿಯಲ್ಲಿ ನಡುಗೋಡೆಗೆ ಸ್ಫೋಟಕ ಇಟ್ಟು ಒಡೆದು, ಪಕ್ಕದ ಮನೆಗೆ ನುಗ್ಗಿ, ಗ್ರೆನೇಡ್ ಎಸೆಯುತ್ತಾ ಕೆಳಗಿಳಿಯುತ್ತಿದ್ದರು. ಇದಕ್ಕೆ ಮೌಸ್‌ಹೋಲಿಂಗ್ ಅಂತ ಹೆಸರು.

ನಾವು ಆಡಿದ್ದೂ ಓರ್ಟೋನಾವನ್ನೇ. ನಿಯಮ ನಾವೇ ಮಾಡಿಕೊಂಡಿದ್ದು: ಒಂದು ಸರದಿ ಸ್ಫೋಟಕ ಇಡಲು, ಮುಂದಿನ ಸರದಿಯಲ್ಲಿ ದಾಳ 4 ಅಥವಾ ಮೇಲೆ ಬಿದ್ದರೆ ಗೋಡೆ ಒಡೆಯುತ್ತದೆ, ಆಚೆ 2 ಇಂಚಿನೊಳಗೆ ಇದ್ದವರಿಗೆ ಒಂದು ಸರದಿ ಏನೂ ಮಾಡಲಾಗದು. ಇಷ್ಟಕ್ಕೇ ಆಟದ ರೀತಿಯೇ ಬದಲಾಯಿತು. ಮೇಜಿನ ನಡುವೆ ಇದ್ದ ಬೀದಿ ಖಾಲಿ ಬಿತ್ತು. ಕಾಯುವವನಿಗೆ ಯಾವ ಗೋಡೆ ಕಾಯಬೇಕೋ ತಿಳಿಯದು. ಕಿಟಕಿಗೆ ಇಬ್ಬರನ್ನು ನಿಲ್ಲಿಸಿದರೆ ಬೆನ್ನ ಹಿಂದೆ ಗೋಡೆ ಬೀಳುತ್ತದೆ. ನಿಜವಾಗಿ ಊರೊಳಗಿನ ಯುದ್ಧದ ಭಯ ಅಂದರೆ ಇದೇ ಅಲ್ವಾ?

ಕಿಟಕಿಗಳ ಎತ್ತರವೂ ಸರಿಯಾಗಿದೆ. ಬೇಸ್ (ಗೊಂಬೆಯ ಕಾಲಡಿಯ ಬಿಲ್ಲೆ) ಮೇಲೆ ನಿಂತ ಸೈನಿಕನ ಬಂದೂಕು ಕಟ್ಟೆಯ ಮೇಲಿಂದ ಹೊರಗೆ ಬರುತ್ತದೆ. ಬಗ್ಗಿ ಅವನ ಕಣ್ಣಿನ ಮಟ್ಟದಿಂದ ನೋಡಿದರೆ ಬೀದಿ ಕಾಣುತ್ತದೆ. ಯಾರಿಗೆ ಯಾರು ಕಾಣುತ್ತಾರೆ ಅನ್ನುವ ವಾದ ಅರ್ಧಕ್ಕರ್ಧ ಕಡಿಮೆ.

ಮೆಟ್ಟಿಲು ಮಾತ್ರ ಬೇಸರ ತರಿಸಿತು. ಅಗಲ 20 ಎಂಎಂ, ನಮ್ಮ ಸೈನಿಕರ ಬೇಸ್ 25 ಎಂಎಂ. ಯಾರೂ ನಿಲ್ಲುವುದಿಲ್ಲ, ಜಾರಿ ಬೀಳುತ್ತಾರೆ. ಅತಿ ಜಾಸ್ತಿ ಹೊಡೆದಾಟ ನಡೆಯುವ ಜಾಗದಲ್ಲೇ ಸೈನಿಕನ ಬದಲು ಟೋಕನ್ ಇಟ್ಟು ಆಡಬೇಕಾಗಿ ಬಂತು. ಒಳಗಿನ ಅಳತೆ ಇಷ್ಟು ಚೆನ್ನಾಗಿ ಯೋಚಿಸಿದವರು ಇದನ್ನು ಹೇಗೆ ಬಿಟ್ಟರೋ.

ಬಣ್ಣ ಹಚ್ಚುವ ಮೊದಲು ಮಹಡಿಯ ಅಂಚುಗಳನ್ನು ಮರಳು ಕಾಗದದಲ್ಲಿ ಉಜ್ಜಿಕೊಳ್ಳಿ. ಬಣ್ಣದ ದಪ್ಪಕ್ಕೇ ಮಹಡಿ ಬಿಗಿಯಾಗಿ, ಎತ್ತುವಾಗ ಒಳಗಿದ್ದವರೆಲ್ಲ ಉರುಳುತ್ತಾರೆ. ಎಂಡಿಎಫ್ ನೀರು ಕುಡಿದರೆ ಉಬ್ಬುತ್ತದೆ, ಹಾಗಾಗಿ ಮೊದಲ ಕೋಟ್ ಸ್ಪ್ರೇ ಪ್ರೈಮರ್ ಆಗಿರಲಿ.

ಸೆಟ್‌ನಲ್ಲಿ ಅವಶೇಷದ ರಾಶಿಗಳಿಲ್ಲ. ಓರ್ಟೋನಾಕ್ಕೆ ಅವು ಬೇಕೇ ಬೇಕು, ಜರ್ಮನ್ನರು ಮನೆಗಳನ್ನು ಉರುಳಿಸಿ ಅಡ್ಡಬೀದಿಗಳನ್ನು ಮುಚ್ಚಿದ್ದರು, ಟ್ಯಾಂಕ್‌ಗಳಿಗೆ ಅಲ್ಲಿ ದಾರಿ ಇರಲಿಲ್ಲ. ಬಿಡಿಭಾಗಗಳನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಹಲಗೆಯ ಚೌಕಟ್ಟನ್ನು ಎಸೆಯಬೇಡಿ. ಮುರಿದು, ಮರಳಿನ ಜೊತೆ ಬಿಳಿ ಅಂಟಿನಲ್ಲಿ ಕೂರಿಸಿದರೆ ಒಳ್ಳೆಯ ರಾಶಿ ಆಗುತ್ತದೆ.

28 ಎಂಎಂನಲ್ಲಿ ಬೀದಿ ಕಾಳಗ ಆಡುವವರು ಧೈರ್ಯವಾಗಿ ತೆಗೆದುಕೊಳ್ಳಿ. ತಯಾರಕರಿಗೆ ನಾನು ಬರೆದು ಕೇಳಿದ್ದು ಒಂದೇ: ಮುಂದಿನ ಸೆಟ್‌ನಲ್ಲಿ ಮೆಟ್ಟಿಲು 30 ಎಂಎಂ ಇರಲಿ.