ಹಳೆ ಟ್ರ್ಯಾಂಪ್ ಜೊತೆ ಆರು ವರ್ಷ, ಒಂದು ಸ್ಪಂಜು

ಹಳೆ ಟ್ರ್ಯಾಂಪ್ ಕೊಳ್ಳೋ ಯೋಚನೆ ಇರುವವರಿಗೆ ಮೊದಲೇ ಹೇಳಿಬಿಡ್ತೇನೆ, ಈ ಟ್ರೈಮರಾನ್, ಅಂದರೆ ಮೂರು ಒಡಲಿನ ಹಾಯಿದೋಣಿಯ ಮೇಲೆ ನನಗೆ ಐದು ವರ್ಷ ಸಿಟ್ಟಿತ್ತು.

ಬ್ರಿಸ್ಬೇನ್‌ನಲ್ಲಿದ್ದೇವೆ. ಮನೆಯಿಂದ ಮೋರ್ಟನ್ ಕೊಲ್ಲಿ ಅರ್ಧ ಗಂಟೆ ದಾರಿ. ಬಂದರಿನಲ್ಲಿ ತಿಂಗಳ ಬಾಡಿಗೆ ಕೊಟ್ಟು ದೋಣಿ ಕಟ್ಟಿಡುವಷ್ಟು ದುಡ್ಡು ನನ್ನಲ್ಲಿಲ್ಲ. ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥದ್ದೇ ಬೇಕಿತ್ತು. ಹಾಗಾಗಿ ಎಂಬತ್ತರ ದಶಕದ ಟ್ರ್ಯಾಂಪ್ ಬಂತು. ಇಯಾನ್ ಫ್ಯಾರಿಯರ್ ವಿನ್ಯಾಸ. ಅದೇ, 1985ರಲ್ಲಿ ಅಮೆರಿಕದಲ್ಲಿ ಎಫ್-27 ಅನ್ನೋ ಮಡಚುವ ಟ್ರೈಮರಾನ್ ಮಾಡಿ ಹೆಸರಾದವರು.

ನಡುವೆ ದೋಣಿ, ಎರಡು ಪಕ್ಕಕ್ಕೂ ಒಂದೊಂದು ಫ್ಲೋಟ್, ಅಂದರೆ ಟೊಳ್ಳು ತೇಲು. ಟ್ರೈಲರ್ ಮೇಲೆ ಎರಡೂ ಮಡಚಿ ಕೂತಿರುತ್ತವೆ, ಮಳೆಯಲ್ಲಿ ರೆಕ್ಕೆ ಮುದುರಿದ ಕೋಳಿ ಥರ. ನೀರಿಗಿಳಿಸಿ ಅಗಲಿಸಿ, ಬೋಲ್ಟು ಬಿಗಿ ಮಾಡಿದರೆ ಆಯಿತು. ಕೊನೆಯ ಬೋಲ್ಟು ನನ್ನ ಮಗಳದ್ದು. ಸ್ಪ್ಯಾನರ್ ತಿರುಗಿಸಿ, ಮೇಲೊಂದು ಏಟು ಹೊಡೆದು "ಹೋಗೋಣ" ಅಂತಾಳೆ. ಅದಾದ ಮೇಲೇ ನಾವು ಹೊರಡೋದು.

ಇನ್ನು ಸಿಟ್ಟಿನ ವಿಷಯ. ಎಡಗಡೆ ಫ್ಲೋಟಿನೊಳಗೆ ನೀರು ಬರ್ತಿತ್ತು. ಜಾಸ್ತಿ ಅಲ್ಲ, ಒಂದು ಬಕೆಟ್. ಆದರೆ ಫ್ಲೋಟ್ ಭಾರವಾದರೆ ಗಾಳಿ ಆ ಕಡೆಗೆ ಒತ್ತಿದಾಗ ದೋಣಿ ಎಮ್ಮೆಯಾಗುತ್ತದೆ. ಒಳಗೆ ಗುಳುಗುಳು ಸದ್ದು ಬೇರೆ. ಮುಚ್ಚಳದ ತೂತಿನಲ್ಲಿ ನನ್ನ ಕೈ ಮೊಣಕೈವರೆಗೆ ಮಾತ್ರ ಹೋಗುತ್ತದೆ. ಸ್ಪಂಜು ಅದ್ದು, ಹಿಂಡು, ಅದ್ದು, ಹಿಂಡು. ಪ್ರತಿ ಭಾನುವಾರ ಸಂಜೆ ಇದೇ ಕೆಲಸ. ರಿಪೇರಿಯವರೊಬ್ಬರು ಮುಚ್ಚಳದ ರಬ್ಬರ್ ಎರಡು ಸಲ ಬದಲಿಸಿದರು. ಎರಡು ಸಲವೂ ದುಡ್ಡು ತಗೊಂಡರು. ನೀರು ನಿಲ್ಲಲಿಲ್ಲ.

ಕಳೆದ ವರ್ಷ ನಾನೇ ಕೂತೆ. ವ್ಯಾಕ್ಯೂಮ್ ಕ್ಲೀನರ್ ಗಾಳಿಯನ್ನು ಉಲ್ಟಾ ಮಾಡಿ, ಪೈಪನ್ನು ಸಡಿಲವಾಗಿ ಫ್ಲೋಟಿಗೆ ಬಿಟ್ಟೆ. ಗಾಳಿ ಮೆಲ್ಲಗೇ ಇರಬೇಕು, ಇಲ್ಲಾಂದ್ರೆ ಹಳೆ ಫೈಬರ್ ಬಿರುಕು ಬಿಟ್ಟೀತು. ಫ್ಲೋಟಿನ ಮೈಗೆಲ್ಲ ಸೋಪು ನೀರು ಬಳಿದೆ. ಮುಚ್ಚಳದ ಸುತ್ತ ಏನೂ ಇಲ್ಲ. ಹೊರಪಕ್ಕೆಯಲ್ಲಿ, ಪೇಂಟಿನ ಕೆಳಗಿಂದ, ಒಂದೇ ಒಂದು ಗುಳ್ಳೆ ಮೆಲ್ಲಗೆ ದಪ್ಪವಾಯಿತು. ಕೆರೆದು ನೋಡಿದರೆ ಯಾರೋ ಎಂದೋ ಹೊಡೆದು ಕಿತ್ತ ಸ್ಕ್ರೂವಿನ ತೂತು. ಹಾಯಿ ಬಿಚ್ಚಿ ಹೋಗುವಾಗ ಆ ಜಾಗ ಹೆಚ್ಚಾಗಿ ನೀರಿನ ಮೇಲೇ ಇರುತ್ತದೆ. ಆದರೆ ಮಡಚಿದಾಗ ಫ್ಲೋಟ್ ಪಕ್ಕಕ್ಕೆ ಮಲಗುತ್ತದಲ್ಲ, ಆಗ ಮುಳುಗುತ್ತದೆ. ನಾನು ಕಾರು ನಿಲ್ಲಿಸೋಕೆ ಜಾಗ ಹುಡುಕುವ ಅರ್ಧ ಗಂಟೆಯಲ್ಲಿ ದೋಣಿ ಅಲ್ಲಿ ಮಡಚಿಕೊಂಡೇ ನೀರು ಕುಡೀತಿತ್ತು! ತೂತಿಗೆ ಎಪಾಕ್ಸಿ ಅಂಟು ತುಂಬಿದೆ. ಖರ್ಚು ಎರಡು ಕಾಫಿಯಷ್ಟು.

ಆ ಬೇಸಿಗೆಯಲ್ಲೇ ಅಮ್ಮ ಕುಮಟಾದಿಂದ ಬಂದಿದ್ದರು. ಬಸ್ಸು ಹತ್ತಿದರೂ ವಾಂತಿ ಮಾಡುವವರು. ಬೇಡ ಅಂದರೂ ಬಂದು, ಫ್ಲೋಟಿಗೂ ದೋಣಿಗೂ ನಡುವೆ ಕಟ್ಟಿದ ಬಲೆಯ ಮೇಲೆ ಕೂತರು. ಮಧ್ಯಾಹ್ನದ ಈಶಾನ್ಯ ಗಾಳಿ ಎದ್ದಿತ್ತು. ಒಂಟಿ ಒಡಲಿನ ದೋಣಿಗಳು ವಾಲಿಕೊಂಡು ಹೋಗ್ತಿದ್ದವು. ನಮ್ಮದು ಚಾಪೆಯಂತೆ ಹರಡಿಕೊಂಡು ಓಡಿತು. ಅಮ್ಮ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿದರು, ಒಂದು ಹನಿಯೂ ಚೆಲ್ಲಲಿಲ್ಲ. "ಇದು ನಮ್ಮ ಕಡೆ ದೋಣಿನೇ ಅಲ್ವೇನೋ? ಇನ್ನೊಂದು ಪಕ್ಕಕ್ಕೂ ಒಂದು ಕಟ್ಟಿದ್ದಾರೆ ಅಷ್ಟೆ" ಅಂದರು. ಕಾರವಾರದ ಕಡೆ ಒಂದು ಪಕ್ಕಕ್ಕೆ ಮರದ ತೇಲು ಕಟ್ಟಿದ ದೋಣಿ ನೋಡಿದವರಿಗೆ ಅರ್ಥವಾಗುತ್ತದೆ. ಹೆಸರಲ್ಲೂ ಇದೆ ನೋಡಿ. ತಮಿಳಿನ ಕಟ್ಟುಮರಂ ಕ್ಯಾಟಮರಾನ್ ಆಯಿತು, ಅದರ ಬಾಲವನ್ನು ಮೂರಕ್ಕೆ ಅಂಟಿಸಿ ಟ್ರೈಮರಾನ್ ಮಾಡಿದರು. ಆ ಬಾಲ ನಮ್ಮ 'ಮರ'ವೇ.

ಪೀಲ್ ದ್ವೀಪದ ಹಾರ್ಸ್‌ಶೂ ಬೇಯಲ್ಲಿ ದೋಣಿಯಡಿ ನೀರಿಗೆ ಇಳಿಬಿಡುವ ನಡುವಿನ ಹಲಗೆ ಎತ್ತಿ ಮರಳಿನವರೆಗೂ ಹೋದೆವು. ಅಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಇಳಿದರು. ಈ ಕೊಲ್ಲಿ ತುಂಬ ಮರಳ ದಿಬ್ಬಗಳು. ತಳದಲ್ಲಿ ಆಳಕ್ಕಿಳಿದ, ಎತ್ತಲಾಗದ ಕೀಲ್ (ಅಡಿರೆಕ್ಕೆ) ಇರುವ ದೋಣಿಯವರು ದೂರದಲ್ಲೇ ಲಂಗರು ಹಾಕಿ ನೋಡ್ತಿದ್ದರು.

ರಾತ್ರಿ ಉಳಿಯುವ ಆಸೆ ಇದ್ದರೆ ಇದು ಬೇಡ. ಒಳಗೆ ಬೆನ್ನು ನೆಟ್ಟಗೆ ಮಾಡೋಕಾಗಲ್ಲ. ಬಲೆಯ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ಕೊಳ್ಳುವ ಮುಂಚೆ ಎಳೆದು ನೋಡಿ. ವ್ಯಾಕ್ಯೂಮ್ ಕ್ಲೀನರ್ ತಗೊಂಡೇ ಹೋಗಿ, ಮಾರುವವರು ನಕ್ಕರೆ ನಗಲಿ.

ಹೋದ ಭಾನುವಾರ ಅಭ್ಯಾಸಬಲದಿಂದ ಎಡಗಡೆ ಮುಚ್ಚಳ ತೆಗೆದು ಕೈ ಹಾಕಿದೆ. ಒಳಗೆ ಸಿಕ್ಕಿದ್ದು ನನ್ನದೇ ಹಳೆ ಸ್ಪಂಜು. ಒಣಗಿ ಹಪ್ಪಳದ ಹಾಗಾಗಿತ್ತು.