ಕೇಳಿದ್ದು, ಗೋಡೆಗೆ ಅಂಟಿಸಿದ್ದು, ಪಕ್ಕದಲ್ಲಿ ಕುಳಿತು ಕಂಡದ್ದು: ಸಾಫ್ಟ್‌ವೇರ್ ಅಗತ್ಯಗಳನ್ನು ಸಂಗ್ರಹಿಸುವ ಮೂರು ವಿಧಾನಗಳು

ಮಲೆನಾಡಿನ ಅಡಿಕೆ ಮಾರಾಟ ಸಹಕಾರ ಸಂಘವೊಂದಕ್ಕೆ ಸಾಫ್ಟ್‌ವೇರ್ ರೂಪಿಸುವ ಮುನ್ನ, ಅಲ್ಲಿನ ವಹಿವಾಟನ್ನು ಅರಿಯಲು ಸಂದರ್ಶನ, ಈವೆಂಟ್ ಸ್ಟಾರ್ಮಿಂಗ್ (ಎಲ್ಲರೂ ಸೇರಿ ಕೆಲಸದ ಘಟನೆಗಳನ್ನು ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುವುದು) ಮತ್ತು ನೇರ ವೀಕ್ಷಣೆ ಎಂಬ ಮೂರು ವಿಧಾನಗಳನ್ನು ಅದೇ ಸಿಬ್ಬಂದಿಯೊಂದಿಗೆ ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಮೊದಲು ಕಾರ್ಯದರ್ಶಿ, ಲೆಕ್ಕಿಗರು, ಗುಮಾಸ್ತರು ಸೇರಿ 6 ಮಂದಿಯನ್ನು ಪ್ರತ್ಯೇಕವಾಗಿ ಮಾತನಾಡಿಸಿದೆ. ಚೀಲ ಬರುತ್ತದೆ, ತೂಕವಾಗುತ್ತದೆ, ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಬಗೆ ನಮೂದಾಗಿ ಲಾಟ್ (ಒಟ್ಟಿಗೆ ಮಾರಾಟಕ್ಕಿಡುವ ಸರಕು) ಸಂಖ್ಯೆ ಬೀಳುತ್ತದೆ, ವ್ಯಾಪಾರಿಗಳು ಟೆಂಡರ್ ಬರೆಯುತ್ತಾರೆ, ಹೆಚ್ಚಿನ ದರಕ್ಕೆ ಮಾರಾಟವಾಗಿ ಸಾಲ ಕಳೆದು ಉಳಿದ ಹಣ ರೈತರ ಖಾತೆಗೆ ಹೋಗುತ್ತದೆ ಎಂದು ಎಲ್ಲರೂ ಒಂದೇ ಬಗೆಯಲ್ಲಿ ವಿವರಿಸಿದರು. ಪರಿಭಾಷೆ, ನಿಯಮ, ವರದಿಗಳ ನಮೂನೆ ಇಷ್ಟು ಬೇಗ ಬೇರಾವ ವಿಧಾನದಲ್ಲಿಯೂ ಕೈಗೆ ಸಿಗಲಿಲ್ಲ. ಆದರೆ ನನಗೆ ದೊರೆತದ್ದು ಕೆಲಸ ಹೇಗೆ ನಡೆಯಬೇಕು ಎಂಬುದರ ಚಿತ್ರ.

ಇಟಲಿಯ ಸಾಫ್ಟ್‌ವೇರ್ ಸಲಹೆಗಾರ ಆಲ್ಬರ್ಟೊ ಬ್ರಾಂಡೊಲಿನಿ 2013ರಲ್ಲಿ ಪರಿಚಯಿಸಿದ ಈವೆಂಟ್ ಸ್ಟಾರ್ಮಿಂಗ್‌ನಲ್ಲಿ, ನಡೆದ ಘಟನೆಯನ್ನು ಭೂತಕಾಲದಲ್ಲಿ ಕಿತ್ತಳೆ ಬಣ್ಣದ ಚೀಟಿಯ ಮೇಲೆ ಬರೆದು ಗೋಡೆಗೆ ಅನುಕ್ರಮವಾಗಿ ಅಂಟಿಸುತ್ತಾರೆ. 'ತೂಕ ಆಯ್ತು', 'ದರ ಬಂತು' ಎಂದು ಬರೆಯಲು ಯಾರಿಗೂ ಕಷ್ಟವಾಗಲಿಲ್ಲ. ದಾಸ್ತಾನಿನ ಮೇಲೆ ಕೊಟ್ಟ ಮುಂಗಡ ಯಾವಾಗ ಚುಕ್ತಾ ಆಗುತ್ತದೆ ಎಂಬಲ್ಲಿ ಲೆಕ್ಕಿಗರ ಚೀಟಿ ಒಂದು ಕಡೆ, ಗೋದಾಮಿನವರ ಚೀಟಿ ಇನ್ನೊಂದು ಕಡೆ ಬಿತ್ತು. ಬಿಡಿಬಿಡಿಯಾಗಿ ಮಾತನಾಡಿಸಿದಾಗ ಈ ಭಿನ್ನಾಭಿಪ್ರಾಯ ಹೊರಬಿದ್ದಿರಲಿಲ್ಲ. ಕಾರ್ಯದರ್ಶಿಯವರ ಎದುರು ಕಿರಿಯರು ಬಾಯಿ ಬಿಡದಿದ್ದುದು ಇಲ್ಲಿನ ತೊಡಕು. ಮೊದಲ 15 ನಿಮಿಷ ಯಾರೂ ಮಾತನಾಡದೆ ಬರೆಯುವುದೆಂದು ನಿಗದಿಪಡಿಸಿದ ಮೇಲೆ ಅದು ತಕ್ಕಮಟ್ಟಿಗೆ ನೀಗಿತು.

ಕೊನೆಗೆ ಎರಡು ದಿನ ಗುಮಾಸ್ತರ ಮೇಜಿನ ಪಕ್ಕ ಕುಳಿತೆ. ದರ ಹೇಳಿದಾಗ ಹಿರಿಯ ರೈತರೊಬ್ಬರು ತಲೆಯಾಡಿಸಿ ಹೊರಟುಹೋದರು. ಗುಮಾಸ್ತರು ಏನೂ ಹೇಳದೆ ಆ ಲಾಟಿನ ಚೀಟಿಯ ಮೂಲೆ ಮಡಚಿ ಬೇರೆ ಕಟ್ಟಿಗೆ ಸೇರಿಸಿದರು. ಏಕೆಂದು ಕೇಳಿದೆ.

"ಅದು ನಾಳೆಗೆ ಸರ್. ಅವರಿಗೆ ದರ ಒಪ್ಪಿಗೆ ಆಗ್ಲಿಲ್ಲ."

ರೈತರು ದರ ನಿರಾಕರಿಸಬಹುದು, ಅದೇ ಲಾಟ್ ಮರುದಿನ ಮತ್ತೆ ಟೆಂಡರಿಗೆ ಬರಬಹುದು ಎಂಬುದು ಅವರಿಗೆ ಎಷ್ಟು ಸಹಜವೆಂದರೆ, ಸಂದರ್ಶನದಲ್ಲಾಗಲಿ ಗೋಡೆಯ ಮೇಲಾಗಲಿ ಅದು ಬಂದಿರಲೇ ಇಲ್ಲ. ಒಂದು ಲಾಟಿಗೆ ಒಂದೇ ಟೆಂಡರ್ ಎಂದು ನಾನು ಬರೆದಿಟ್ಟಿದ್ದ ದತ್ತಾಂಶ ವಿನ್ಯಾಸವನ್ನು ಆ ಸಂಜೆಯೇ ತಿದ್ದಿ, ಒಂದು ಲಾಟಿಗೆ ಹಲವು ಟೆಂಡರುಗಳು ಇರುವಂತೆ ಬದಲಿಸಿದೆ. ಇದೇ ತಪ್ಪು ಸಾಫ್ಟ್‌ವೇರ್ ಬಳಕೆಗೆ ಬಂದ ಮೇಲೆ ತಿಳಿದಿದ್ದರೆ ಬಿಲ್ಲಿನಿಂದ ಹಿಡಿದು ಖಾತೆಯವರೆಗೆ ಎಲ್ಲವನ್ನೂ ತಿದ್ದಬೇಕಾಗುತ್ತಿತ್ತು.

ಹೀಗಾಗಿ ಮುಂದಿನ ಯೋಜನೆಯಲ್ಲಿ ನಾನು ಕ್ರಮವನ್ನು ತಿರುಗಿಸಿ, ಮೊದಲು ಪಕ್ಕದಲ್ಲಿ ಕುಳಿತು, ಬಳಿಕ ಎಲ್ಲರನ್ನೂ ಗೋಡೆಯ ಮುಂದೆ ಸೇರಿಸಲಿದ್ದೇನೆ. ಸಂದರ್ಶನವನ್ನು ಕೈಬಿಡುವುದಿಲ್ಲ: ಮಾರ್ಚ್ 31ರ ಲೆಕ್ಕ ಮುಕ್ತಾಯದಂತಹ ಕೆಲಸ ಎರಡು ದಿನ ಕುಳಿತವರ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಲೆಕ್ಕಿಗರನ್ನೇ ಕೇಳಿ, ಕಳೆದ ವರ್ಷದ ಕಡತವನ್ನು ಅವರೆದುರೇ ತೆರೆದು ತಿಳಿಯಬೇಕು.